ಮಹದೇವುವಿನ ಹಗಲು ನಿದ್ದೆ

ನಮ್ಮ ವಠಾರದಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಅಗ್ರಹಾರದ ಒಳಬೀದಿಯ ವಠಾರ ಅದು. ನಡುವೆ ಅಂಗಳ, ಸುತ್ತ ಬಿಡಿಮನೆಗಳು, ಎಲ್ಲಕ್ಕೂ ಸೇರಿ ಒಂದು ನಲ್ಲಿ. ನೀರನ್ನೂ ಜಗಳವನ್ನೂ ಹಂಚಿಕೊಂಡ ಹಾಗೆ ನಿದ್ದೆಗೇಡನ್ನೂ ಹಂಚಿಕೊಂಡಿದ್ದೆವು. ಕಾರಣ ಮಾತ್ರ ಅವರವರ ಕುಲಕ್ಕೆ ತಕ್ಕಂತೆ ಬೇರೆ ಬೇರೆಯಾಗಿತ್ತು. ವಠಾರದ ಒಡತಿ ಗಿರಿಜಾಂಬಾ ಅವರು ಪಿತ್ತ ಎನ್ನುತ್ತಿದ್ದರು. ಮಠದಿಂದ ತರಿಸಿದ ವಿಭೂತಿಯನ್ನು ಹಣೆಗೆ ಧಾರಾಳವಾಗಿ ಬಳಿದುಕೊಂಡು ಮಲಗುತ್ತಿದ್ದರು. ಶಾಮಣ್ಣನವರಿಗೆ ಶನಿ ಹನ್ನೆರಡರಲ್ಲಿದ್ದ. ಬೀದಿ ಕಡೆಯ ಮಳಿಗೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಬುಡನ್ ಸಾಹೇಬರು ಯಾರದೋ ಕಣ್ಣು ತಗುಲಿದೆ ಎಂದು ದರ್ಗಾದಿಂದ ತಾಯಿತ ತಂದು ಕಟ್ಟಿಕೊಂಡಿದ್ದರು. ಬಸಮ್ಮನವರು ಮೆಣಸಿನಕಾಯಿ ಘಾಟು ಎಂದರು. ಮಹದೇವು ತಿಗಣೆ ಎಂದ. ಕೈಯಲ್ಲಿ ಕಾಸಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಆ ಒಂದು ವಿಷಯದಲ್ಲಿ ನಮ್ಮ ವಠಾರದ ಎಲ್ಲ ಮತಗಳಿಗೂ ಒಮ್ಮತವಿತ್ತು.

ಹೊಸ ಪೈಸೆ ಬಂದು ಎರಡು ಮೂರು ವರ್ಷವಾಗಿದ್ದ ಕಾಲ. ಬುಡನ್ ಸಾಹೇಬರು ಇನ್ನೂ ಆಣೆಯಲ್ಲೇ ಕೂಲಿ ಹೇಳುತ್ತಿದ್ದರು. ಗಿರಾಕಿಗಳು ಪೈಸೆಯಲ್ಲಿ ಚೌಕಾಸಿ ಮಾಡುತ್ತಿದ್ದರು. ಶಾಮಣ್ಣನವರು ಗುಮಾಸ್ತೆಯಾಗಿದ್ದ ವಕೀಲರು ತೀರಿಕೊಂಡಿದ್ದರು. ವಕೀಲರ ಮನೆಯವರು ಬಾಕಿ ಸಂಬಳದ ಬದಲು ಒಂದು ಹಳೆಯ ಟೈಪ್‌ರೈಟರ್ ಹೊರಿಸಿ ಕಳಿಸಿದ್ದರು. ಅದರಲ್ಲಿ ಕೋರ್ಟಿನವರ ಕಾಗದ ಪತ್ರ ಟೈಪು ಮಾಡಿಕೊಡುವುದು, ನಾಲ್ಕಾರು ಹುಡುಗರಿಗೆ ಕಲಿಸುವುದು, ಇಷ್ಟರಲ್ಲಿ ಅವರ ಸಂಸಾರ ನಡೆಯಬೇಕಾಗಿತ್ತು. ಗಂಡನನ್ನು ಕಳೆದುಕೊಂಡ ಬಸಮ್ಮನವರು ಹೋಟೆಲೊಂದಕ್ಕೆ ಹುಳಿಪುಡಿ, ಸಾರಿನಪುಡಿ ಕುಟ್ಟಿಕೊಡುತ್ತಿದ್ದರು. ಇವರೆಲ್ಲರ ಬಾಡಿಗೆಯನ್ನು ನಂಬಿದ್ದ ಗಿರಿಜಾಂಬಾ ಅವರ ಸ್ಥಿತಿಯನ್ನು ಬೇರೆ ಹೇಳಬೇಕಾಗಿಲ್ಲ.

ಈಗ ತಿಂಗಳ ಸಂಬಳ ಎಂಬುದನ್ನು ಕಾಣುತ್ತಿದ್ದವನು ಮಹದೇವು ಒಬ್ಬನೇ. ವರುಣದ ಕಡೆಯ ಒಕ್ಕಲುಮನೆಯ ಹುಡುಗ, ಮೇಟಗಳ್ಳಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದಿದ್ದ. ಬಾಯ್ಲರಿನ ಎದುರು ಕೂತು ಅದರ ಮುಳ್ಳನ್ನು ನೋಡುತ್ತಿರಬೇಕು. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಎಂಜಿನಿಯರನ್ನು ಕೂಗಬೇಕು. ಮುಳ್ಳು ಕೆಂಪು ಗೆರೆ ಮುಟ್ಟುತ್ತಿರಲಿಲ್ಲ. ಆದ್ದರಿಂದ ಎಚ್ಚರವಾಗಿರುವುದಷ್ಟೇ ಅವನ ಕೆಲಸ. ನೌಕರಿ ಟೆಂಪರರಿ, ಇನ್ನೇನು ಪರ್ಮನೆಂಟ್ ಆಗುತ್ತದೆ ಎಂದು ಮಹದೇವು ಹೇಳುತ್ತಿದ್ದ, ನಾವು ನಂಬುತ್ತಿದ್ದೆವು.

ಎಚ್ಚರವಾಗಿರಬೇಕಾದರೆ ಮೊದಲು ಮಲಗಬೇಕಷ್ಟೆ. ಬೆಳಿಗ್ಗೆ ಸೈಕಲ್ ತುಳಿದುಕೊಂಡು ಬಂದು, ಮುದ್ದೆ ಉಂಡು ಅವನು ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ವಠಾರ ಸಂಪಾದನೆಗೆ ಇಳಿಯುತ್ತಿತ್ತು. ಬಲಗಡೆ ಬಸಮ್ಮನವರ ಒನಕೆ. ಎಡಗಡೆ ಶಾಮಣ್ಣನವರ ಶಿಷ್ಯರ ಟಕಟಕ. ತಲೆಯ ಕಡೆಯ ಗೋಡೆಯ ಆಚೆ ಬುಡನ್ ಸಾಹೇಬರ ಹೊಲಿಗೆ ಮಿಷನ್ನು. ಒಂದು ನಿಂತರೆ ಇನ್ನೊಂದು ಶುರುವಾಗುವಂತೆ ಯಾರೋ ಮೇಳ ಕಟ್ಟಿಕೊಟ್ಟ ಹಾಗಿತ್ತು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಮಹದೇವುವಿನ ಹೆಂಡತಿ ಶಿವನಂಜಮ್ಮ ಕೊಡ ಕೆಳಗಿಟ್ಟು ಗಿರಿಜಾಂಬಾ ಅವರ ಮುಂದೆ ನಿಂತಳು.

"ಅಮ್ಮಾವ್ರೆ, ಒಂದ್ ಮಾತು. ನಮ್ಮೋರಿಗೆ ಹಗಲೊತ್ತು ನಿದ್ದೇನೇ ಇಲ್ಲ. ಮೊನ್ನೆ ಅಲ್ಲಿ ತೂಕಡಿಸ್ಬುಟ್ರಂತೆ. ಇನ್ನೊಂದ್ ಸಲ ಕಣ್ಮುಚ್ಚಿದ್ರೆ ಮನೇಗ್ ಕಳಿಸ್ತೀನಿ ಅಂದವ್ರಂತೆ ಸೂಪರ್‌ವೈಸರ್ರು."

"ಮನೇಗೆ ಕಳಿಸಿದ್ರೂ ಇಲ್ಲಿ ನಿದ್ದೆ ಬರಲ್ಲವಲ್ಲ," ಎಂದರು ಸರದಿಯಲ್ಲಿ ತಂಬಿಗೆ ಹಿಡಿದು ನಿಂತಿದ್ದ ಶಾಮಣ್ಣನವರು. ಯಾರೂ ನಗಲಿಲ್ಲ.

"ನಾನು ಕುಟ್ಟೋದ್ರಿಂದ ಅಂತೀಯೇನೇ?" ಎಂದರು ಬಸಮ್ಮ.

"ಅಂಗಂದ್ನಾ ನಾನು? ನೀವು ಕುಟ್ತೀರಿ, ಅಯ್ನೋರು ಟಕಟಕ ಅನ್ಸ್ತಾರೆ, ಸಾಹೇಬ್ರು ಮಿಷನ್ ತುಳೀತಾರೆ. ಎಲ್ರದೂ ಹೊಟ್ಟೆಪಾಡು. ನಮ್ಮೋರು ಮಲಗೋದೂ ಹೊಟ್ಟೆಪಾಡೇ ಕಣ್ರಮ್ಮ."

ಗಿರಿಜಾಂಬಾ ಅವರು ಅಲ್ಲೇ ತೀರ್ಮಾನ ಕೊಟ್ಟರು. ಮಹದೇವು ಮಲಗಿದ ಕೂಡಲೇ ಶಿವನಂಜಮ್ಮ ಅವನ ಖಾಕಿ ಷರಟನ್ನು ಅಂಗಳದ ತಂತಿಯ ಮೇಲೆ ಹಾಕಬೇಕು. ಷರಟು ತಂತಿಯ ಮೇಲಿರುವ ತನಕ ವಠಾರದಲ್ಲಿ ಯಾರೂ ಸದ್ದು ಮಾಡಕೂಡದು. ಅವರ ಗಂಡ ಬದುಕಿದ್ದಾಗ ಪೂಜೆಗೆ ಕೂತರೆ ಹೀಗೆಯೇ ವಠಾರ ಉಸಿರು ಬಿಗಿಹಿಡಿಯುತ್ತಿತ್ತಂತೆ. ಈಗ ಆ ಮರ್ಯಾದೆ ಬಾಯ್ಲರಿನವನಿಗೆ ಸಂದಿತು.

ಬಸಮ್ಮನವರು ಒಣಮೆಣಸಿನಕಾಯಿ, ಧನಿಯಾ ಹೊತ್ತುಕೊಂಡು ಚಾಮರಾಜಪುರಂನ ನಾದಿನಿಯ ಮನೆಗೆ ಹೋಗಿ ಕುಟ್ಟಿ ತರಲು ಶುರುಮಾಡಿದರು. ಪುಡಿ ತಡವಾಯಿತು, ಹೋಟೆಲಿನವನು ಅರ್ಧ ಬೇಡಿಕೆಯನ್ನು ಬೇರೆಯವರಿಗೆ ಕೊಟ್ಟ. ಶಾಮಣ್ಣನವರು ರಟ್ಟಿನ ಮೇಲೆ ಟೈಪ್‌ರೈಟರಿನ ಅಕ್ಷರದ ಮನೆಗಳನ್ನು ಬರೆದು ಶಿಷ್ಯರ ಮುಂದಿಟ್ಟರು. ಹುಡುಗರು ಸದ್ದಿಲ್ಲದ ಆ ರಟ್ಟನ್ನು ಬೆರಳಲ್ಲಿ ಕುಟ್ಟಿ ಕುಟ್ಟಿ ಬೇಸತ್ತು, ಬೀದಿ ತುದಿಯಲ್ಲಿ ನಿಜವಾದ ಯಂತ್ರವಿದ್ದ ಇನ್‌ಸ್ಟಿಟ್ಯೂಟಿಗೆ ಸೇರಿಕೊಂಡರು. ಬುಡನ್ ಸಾಹೇಬರು ಹಗಲೆಲ್ಲ ಕಾಜ, ಗುಂಡಿ, ಕೈಹೊಲಿಗೆ ಮಾಡಿ, ದೀಪ ಹಚ್ಚಿದ ಮೇಲೆ ಮಿಷನ್ ತುಳಿದರು. ಮದುವೆ ಕಾಲದ ಬಟ್ಟೆಗಳು ಮದುವೆ ಮುಗಿದ ಮೇಲೆ ಸಿದ್ಧವಾದವು.

ಇದೆಲ್ಲ ಶುದ್ಧ ಪರೋಪಕಾರ ಎಂದು ತಿಳಿಯಬಾರದು. ನಮ್ಮ ವಠಾರದ ಗೋಡೆಗಳು ತೆಳು. ಯಾರು ಏನು ಲೆಕ್ಕ ಹಾಕಿದ್ದಾರೆ ಎನ್ನುವುದು ಕಿವಿ ಇದ್ದವರಿಗೆಲ್ಲ ಗೊತ್ತಿತ್ತು. ಮಹದೇವು ಪರ್ಮನೆಂಟ್ ಆದರೆ ಕಾರ್ಖಾನೆಯ ಕ್ಯಾಂಟೀನಿಗೆ ಸಾರಿನಪುಡಿ ಬಸಮ್ಮನವರದೇ. ಕೂಲಿಗಳ ಖಾಕಿ ಬಟ್ಟೆ ಬುಡನ್ ಸಾಹೇಬರದು. ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಶಾಮಣ್ಣನವರದು. ಇವರಿಗೆಲ್ಲ ಹೀಗೆ ದಾರಿಯಾದರೆ ನಿಂತುಹೋದ ಬಾಡಿಗೆ ಗಿರಿಜಾಂಬಾ ಅವರದು. ಎಲ್ಲರೂ ತಮ್ಮ ತಮ್ಮ ಸದ್ದನ್ನು ಮಹದೇವುವಿನ ನಿದ್ದೆಯ ಮೇಲೆ ಬಂಡವಾಳವಾಗಿ ಹಾಕಿದ್ದರು.

ಆ ಬಂಡವಾಳದ ಅಡಿಯಲ್ಲಿ ಮಲಗಿದ್ದವನಿಗೆ ಒಂದು ಗಳಿಗೆಯೂ ನಿದ್ದೆ ಬರಲಿಲ್ಲ.

ಮೊದಲು ಸದ್ದಾಗುತ್ತಿದ್ದಾಗಲಾದರೂ ಮಧ್ಯೆ ಮಧ್ಯೆ ಜೋಂಪು ಹತ್ತುತ್ತಿತ್ತು. ಈಗ ಅಂಗಳದಲ್ಲಿ ಕಾಗೆ ಇಳಿದರೆ ಅದನ್ನು ಓಡಿಸುವ ಬಸಮ್ಮನವರ ಪಿಸುಮಾತು ಕೇಳುತ್ತಿತ್ತು. ಸಾಹೇಬರ ಕತ್ತರಿ ಬಟ್ಟೆಯ ಮೇಲೆ ನಿಧಾನವಾಗಿ ಹೋಗುವುದು ಕೇಳುತ್ತಿತ್ತು. ಶಾಮಣ್ಣನವರು ಕೆಮ್ಮನ್ನು ಟವೆಲಿನೊಳಗೆ ಕೆಮ್ಮುತ್ತಿದ್ದರು, ಅದೂ ಕೇಳುತ್ತಿತ್ತು. ಇಷ್ಟು ಜನ ಕೆಲಸ ಬಿಟ್ಟು ತಾನು ಮಲಗಲೆಂದು ಕಾಯುತ್ತಿದ್ದಾರೆ, ಬೇಗ ಮಲಗಬೇಕು ಎಂದು ಮಹದೇವು ಕಣ್ಣು ಬಿಗಿದು ಮುಚ್ಚಿಕೊಳ್ಳುತ್ತಿದ್ದ. ಹಾಗೆ ಮುಚ್ಚಿದ ಕಣ್ಣಿನೊಳಗೆ ಮುಳ್ಳು, ಕೆಂಪು ಗೆರೆ. ಸಂಜೆ ಶಿವನಂಜಮ್ಮ "ನಿದ್ದೆ ಬಂತಾ?" ಎಂದರೆ "ಬಂತು ಕಣೆ" ಎಂದು ಎದ್ದು ಸೈಕಲ್ ತೆಗೆಯುತ್ತಿದ್ದ.

ಯುಗಾದಿಗೆ ಸ್ವಲ್ಪ ಮುಂಚೆ ಅವನು ಬಾಯ್ಲರಿನ ಮುಂದೆ ಕೂತಲ್ಲೇ ಮಲಗಿಬಿಟ್ಟ. ಸೂಪರ್‌ವೈಸರ್ ಬಂದು ಭುಜ ಅಲ್ಲಾಡಿಸಿ, ಬಯ್ಯದೆ, ನಾಳೆಯಿಂದ ಬರಬೇಡಪ್ಪ ಎಂದರು. ಬಯ್ದಿದ್ದರೆ ಬೇಡಿಕೊಳ್ಳಬಹುದಿತ್ತು. ಅದುವರೆಗಿನ ಸಂಬಳ ಕೊಟ್ಟು ಕಳಿಸಿದರು.

ಅವನು ಬೆಳಿಗ್ಗೆ ಎಂದಿನ ಹೊತ್ತಿಗೆ ವಠಾರಕ್ಕೆ ಬಂದ. ಹೇಳಬೇಕೆಂದೇ ಬಂದ. ಬಾಗಿಲಲ್ಲಿ ಬಸಮ್ಮನವರು ಮೆಣಸಿನಕಾಯಿ ಗಂಟು ಸೊಂಟಕ್ಕಿಟ್ಟುಕೊಂಡು ಚಾಮರಾಜಪುರಂಗೆ ಹೊರಟಿದ್ದರು. "ಬಂದ್ಯಾ ಮಾದೇವಣ್ಣ, ಹೋಗಿ ಮಲಕ್ಕೋ. ನಾನು ಹೊರಟೆ," ಎಂದರು. ಅವರ ಬೆನ್ನು ಬೀದಿ ತಿರುಗುವ ತನಕ ನೋಡಿ, ಅವನು ಒಳಗೆ ಹೋಗಿ ಮಲಗಿದ. ಷರಟು ತಂತಿಯ ಮೇಲೇರಿತು.

ಆಮೇಲೆ ಸಂಜೆಯಾದರೆ ಶಿವನಂಜಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಡುವುದು, ರೈಲ್ವೆ ಸ್ಟೇಷನ್ನಿನ ಮೂರನೇ ದರ್ಜೆಯ ಬೆಂಚಿನ ಮೇಲೆ ರಾತ್ರಿ ಕಳೆಯುವುದು, ಬೆಳಿಗ್ಗೆ ಬಂದು ಕಣ್ಣು ಮುಚ್ಚಿಕೊಂಡು ಬಿದ್ದಿರುವುದು. ಸಂಬಳದ ದಿನ ಹತ್ತಿರ ಬರುತ್ತಿತ್ತು. ಅಲ್ಲಿಯ ತನಕ ಯಾರಿಗೂ ತಿಳಿಯುವುದಿಲ್ಲ, ಅಂದು ಎಲ್ಲರಿಗೂ ತಿಳಿಯುತ್ತದೆ. ಅಷ್ಟರೊಳಗೆ ಬೇರೆ ಕೆಲಸ ಸಿಕ್ಕಬೇಕು. ಆದರೆ ಕೆಲಸ ಹುಡುಕುವುದು ಹಗಲಲ್ಲಿ, ಹಗಲಲ್ಲಿ ಅವನು ಮಲಗಿರಬೇಕಾಗಿತ್ತು.

ಒಂದು ದಿನ ತಡೆಯಲಾರದೆ ಎದ್ದು ಬಂದು ಬಸಮ್ಮನವರ ಬಾಗಿಲಲ್ಲಿ ನಿಂತ. ಅವರು ಮೊರದಲ್ಲಿ ಧನಿಯಾ ಹಸನು ಮಾಡುತ್ತಿದ್ದರು.

"ಬಸಮ್ಮನೋರೇ, ನೀವು ಇಲ್ಲೇ ಕುಟ್ಕಳಿ. ನಂಗೇನೂ ತೊಂದ್ರೆ ಇಲ್ಲ."

"ಕಣ್ಣು ನೋಡ್ಕೊ ಕನ್ನಡೀಲಿ, ಕೆಂಡ ಆಗಿದೆ. ಹೋಗಿ ಮಲಕ್ಕೋ."

"ಇಲ್ಲ, ನಿಜವಾಗ್ಲೂ ಕುಟ್ಕಳಿ. ನಾನು ಎಂಗೂ ಮಲಗ್ತಾ ಇಲ್ಲ."

"ಕೇಳಿಸ್ತಾ ಸಾಹೇಬ್ರೆ?" ಎಂದು ಬಸಮ್ಮನವರು ಗೋಡೆಯ ಕಡೆ ತಿರುಗಿ ಪಿಸುದನಿಯಲ್ಲಿ ಹೇಳಿದರು. "ನಮಗೆ ನಷ್ಟ ಆಗ್ತದೆ ಅಂತ ನಿದ್ದೆ ಬಿಡ್ತಾನಂತೆ."

"ದೊಡ್ಡ ದಿಲ್ಲು," ಎಂಬ ಪಿಸುದನಿ ಗೋಡೆಯಾಚೆಯಿಂದ ಬಂತು. "ಆದ್ರೆ ಬೇಡ, ಮಾದೇವು ಭಾಯಿ. ನಿಮ್ದು ನಿದ್ದೆ ಆದ್ರೆ ನಮ್ದೂ ಆದ ಹಾಗೇನೆ."

ಆ ದಿನ ವಠಾರದಲ್ಲಿ ಅವನ ಗೌರವ ಇನ್ನಷ್ಟು ಏರಿತು. ಅದರ ಫಲ ಮಾರನೆಯ ದಿನವೇ ಕಾಣಿಸಿಕೊಂಡಿತು. ಇಂಥ ಹುಡುಗನನ್ನು ಇನ್ನೂ ಟೆಂಪರರಿಯಾಗಿ ಇಟ್ಟಿರುವುದು ಅನ್ಯಾಯ, ಕಾರ್ಖಾನೆಯ ಮ್ಯಾನೇಜರನ್ನು ಕಂಡು ಮಾತಾಡಬೇಕು ಎಂದು ಗಿರಿಜಾಂಬಾ ಅವರು ನಿಶ್ಚಯಿಸಿದರು. ಅವನಿಗಾಗಿ ವಠಾರದವರು ಮಾಡಿರುವ ತ್ಯಾಗವನ್ನು ಮ್ಯಾನೇಜರಿಗೆ ವಿವರಿಸಿದರೆ ಅವರ ಮನಸ್ಸು ಕರಗದೆ ಇರುವುದಿಲ್ಲ. ಇಂಗ್ಲಿಷಿಗೆ ಶಾಮಣ್ಣನವರು ಜೊತೆಗೆ ಬರಬೇಕು. ಜಟಕಾ ಖರ್ಚು ಗಿರಿಜಾಂಬಾ ಅವರದೇ.

"ಮ್ಯಾನೇಜರ್ರು ಬಾಳ ಕಟ್ಟುನಿಟ್ಟು ಅಮ್ಮಾವ್ರೆ," ಎಂದ ಮಹದೇವು.

"ನಾನೂ ಕಟ್ಟುನಿಟ್ಟೇ."

"ಈಗ ರಜದ ಮೇಲವ್ರೆ ಅನ್ಸುತ್ತೆ."

"ಇದ್ದವರನ್ನ ನೋಡ್ತೀವಿ. ನೀನೂ ಬಾ. ಗೇಟಿನಲ್ಲಿ ನಮ್ಮ ಗುರ್ತು ಯಾರಿಗಿದೆ?"

ಶಿವನಂಜಮ್ಮ ಒಳಗಿನಿಂದ ಒಗೆದು ಮಡಿಚಿದ ಷರಟು ತಂದುಕೊಟ್ಟಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು. ಅದನ್ನು ನೋಡಿದ ಮೇಲೆ ಅವಳೆದುರಿಗೆ ಹೇಳುವ ಧೈರ್ಯ ಅವನಿಗೆ ಉಳಿಯಲಿಲ್ಲ. ದಾರಿಯಲ್ಲಿ ಹೇಳಿಬಿಡಬೇಕು, ಒಂಟಿಕೊಪ್ಪಲು ದಾಟುವುದರೊಳಗೆ ಹೇಳಿ ಜಟಕಾ ತಿರುಗಿಸಬೇಕು ಎಂದು ಗಟ್ಟಿ ಮಾಡಿಕೊಂಡು ಹತ್ತಿದ.

ಮುಂದಿನದು ಶಾಮಣ್ಣನವರು ಆಮೇಲೆ ಹೇಳಿದ್ದು; ಅವರು ಹೇಳಿದ್ದರಲ್ಲಿ ಮುಕ್ಕಾಲು ಭಾಗ ನಂಬಬಹುದು. ಜಟಕಾದಲ್ಲಿ ಗಿರಿಜಾಂಬಾ ಅವರು ಒಂದು ಕಡೆ, ಶಾಮಣ್ಣನವರು ಒಂದು ಕಡೆ, ನಡುವೆ ಹುಲ್ಲಿನ ಮೆತ್ತೆಯ ಮೇಲೆ ಮಹದೇವು. ಮ್ಯಾನೇಜರನ್ನು "ಸರ್" ಎನ್ನಬೇಕೋ "ಸ್ವಾಮಿ" ಎನ್ನಬೇಕೋ ಎಂದು ಇಬ್ಬರಿಗೂ ಚರ್ಚೆ ಹತ್ತಿತು. ಗಾಲಿ ಗಡಗಡ ಅನ್ನುತ್ತಿತ್ತು, ಕುದುರೆಯ ಲಾಳ ಟಾರು ರಸ್ತೆಯನ್ನು ಕುಟ್ಟುತ್ತಿತ್ತು, ಜಟಕಾದವನು ಬಸ್ಸಿನವರಿಗೆಲ್ಲ ಬಯ್ಯುತ್ತಿದ್ದ.

"ಅಮ್ಮಾವ್ರೆ, ಒಂದ್ ವಿಷ್ಯ ಯೋಳ್ಬೇಕು," ಎಂದ ಮಹದೇವು.

"ಇರಪ್ಪ. ಇವರ ಮಾತು ಮುಗೀಲಿ," ಎಂದರು ಗಿರಿಜಾಂಬಾ ಅವರು.

ಶಾಮಣ್ಣನವರ ಮಾತು ಮುಗಿಯುವಂಥದ್ದಲ್ಲ. ಮುಗಿದಾಗ ನೋಡಿದರೆ ಮಹದೇವುವಿನ ತಲೆ ಶಾಮಣ್ಣನವರ ಭುಜದ ಮೇಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಶುರುವಾಗಿತ್ತು.

"ಪಾಪ, ರಾತ್ರಿಯೆಲ್ಲ ದುಡಿದು ಬಂದಿದ್ದಾನೆ. ಮಲಗಲಿ," ಎಂದು ಗಿರಿಜಾಂಬಾ ಅವರು ದನಿ ತಗ್ಗಿಸಿದರು. ಜಟಕಾದವನಿಗೂ ಬಯ್ಯುವುದನ್ನು ನಿಲ್ಲಿಸೆಂದು ಹೇಳಿದರು. ಶಾಮಣ್ಣನವರು ಭುಜ ಅಲ್ಲಾಡಿಸದೆ ಕೆ.ಆರ್.ಎಸ್. ರಸ್ತೆಯುದ್ದಕ್ಕೂ ವಿಗ್ರಹದಂತೆ ಕೂತರು.

ಕಾರ್ಖಾನೆಯ ಗೇಟಿನ ಮುಂದೆ ಜಟಕಾ ನಿಂತಾಗಲೂ ಅವನು ಏಳಲಿಲ್ಲ. ಗೇಟಿನವನು ಬಂದು ಒಳಗೆ ಇಣುಕಿದ. ಮಲಗಿದ್ದವನನ್ನು ನೋಡಿ ಗುರುತು ಹಿಡಿದ.

"ಇವನ್ನ ಯಾಕಮ್ಮ ಕರ್ಕೊಂಡ್ ಬಂದ್ರಿ?"

"ನಿಮ್ಮ ನೌಕರನೇ ಅಲ್ವೇನಪ್ಪ. ಮ್ಯಾನೇಜರನ್ನ ನೋಡ್ಬೇಕು."

"ಯುಗಾದಿಗೆ ಮುಂಚೇನೇ ತೆಗ್ದಾಕವ್ರಲ್ಲ ಇವನ್ನ. ಇದೇ ಕೆಲ್ಸಕ್ಕೆ," ಎಂದು ಗೊರಕೆಯ ಕಡೆ ಗದ್ದ ಆಡಿಸಿದ. "ನಿಮಗೆ ಯೋಳ್ಳಿಲ್ವಾ?"

ಶಾಮಣ್ಣನವರು ಗಿರಿಜಾಂಬಾ ಅವರ ಮುಖ ನೋಡಿದರು. ಅವರು ಸೆರಗು ಸರಿಮಾಡಿಕೊಂಡು ಕೆಳಗಿಳಿದರು. ಇಷ್ಟು ದೂರ ಜಟಕಾ ಮಾಡಿಕೊಂಡು ಬಂದದ್ದು ಪೂರ್ತಿ ದಂಡವಾಗಬಾರದಲ್ಲ.

"ನಿಮ್ಮ ಕ್ಯಾಂಟೀನಿಗೆ ಸಾರಿನಪುಡಿ ಯಾರು ಕೊಡ್ತಾರೆ?"

"ಬೆಂಗ್ಳೂರಿಂದ ಬರ್ತದೆ, ಡಬ್ಬೀಲಿ."

"ಖಾಕಿ ಬಟ್ಟೆ?"

"ಅದೂ ಅಲ್ಲಿಂದ್ಲೇ."

"ಟೈಪಿಸ್ಟು ಏನಾದರೂ..." ಎಂದರು ಶಾಮಣ್ಣನವರು ಭುಜ ಕದಲಿಸದೆ.

"ಇಬ್ಬರವ್ರೆ ಸ್ವಾಮಿ. ಒಬ್ಬರಿಗಾಗೋಷ್ಟೂ ಕೆಲ್ಸ ಇಲ್ಲ."

ಗಿರಿಜಾಂಬಾ ಅವರು ಮತ್ತೆ ಹತ್ತಿ ಕೂತರು. ಜಟಕಾ ತಿರುಗಿತು.

"ಎಬ್ಬಿಸಿ ಕೇಳ್ಬೇಕು," ಎಂದರು ಶಾಮಣ್ಣನವರು. "ನನ್ನ ಶಿಷ್ಯರೆಲ್ಲ ಹೋದರು. ರಟ್ಟು ಕುಟ್ಟಿಸಿದೆ ನಾನು, ರಟ್ಟು."

"ಕೇಳ್ತೀನಿ, ಬಿಡ್ತೀನಾ? ಆದ್ರೆ ಹೀಗೆ ಬಿದ್ದಿರೋನಿಗೆ ಬಯ್ದರೆ ಬಯ್ಗುಳ ದಂಡ. ಏಳ್ಲಿ."

ಸ್ಟೇಷನ್ನಿನ ಹತ್ತಿರ ಗಾಡಿಗಳ ಗದ್ದಲದಲ್ಲಿ ಜಟಕಾ ನಿಂತಾಗ ಮಹದೇವುವಿಗೆ ಎಚ್ಚರವಾಯಿತು. ಎದುರಿಗೆ ಅರಮನೆಯ ಕಡೆಯ ದಾರಿ ಕಂಡಿತು. ಇನ್ನೂ ಹೋಗುತ್ತಿದ್ದೇವೋ ಬರುತ್ತಿದ್ದೇವೋ ಎಂದು ಗೊತ್ತಾಗದೆ ಕಣ್ಣುಜ್ಜಿಕೊಂಡ.

"ಫ್ಯಾಕ್ಟ್ರೀಗೆ..."

"ಹೋಗಿ ಬಂದ್ವಪ್ಪ," ಎಂದರು ಗಿರಿಜಾಂಬಾ ಅವರು.

ಅವನು ಇಬ್ಬರ ಮುಖವನ್ನೂ ನೋಡಿದ. ಕೈ ಜಟಕಾದ ಕಂಬಿಗೆ ಹೋಯಿತು. "ನಾನು ಇಲ್ಲೇ ಇಳ್ಕಂತೀನಿ ಅಮ್ಮಾವ್ರೆ. ನಡ್ಕಂಡ್ ಬತ್ತೀನಿ."

ಅವರು ಅವನ ಷರಟಿನ ತೋಳು ಹಿಡಿದುಕೊಂಡರು. "ಇಳೀಬೇಡ. ನಡ್ಕೊಂಡು ಹೊರಟರೆ ನೀನು ಮನೆ ತನಕ ಬರಲ್ಲ."

"ಎಲ್ರಿಗೂ ಮೋಸ ಮಾಡ್ಬುಟ್ಟೆ."

"ಮಾಡಿದ್ದೀಯ. ಅದರ ಮಾತು ಆಮೇಲೆ. ಮೊದಲು ಆ ಹೆಣ್ಣುಮಗಳಿಗೆ ಹೇಳು. ನಾವ್ಯಾರೂ ಹೇಳಲ್ಲ, ನೀನೇ ಹೇಳ್ಬೇಕು."

ಅಗ್ರಹಾರಕ್ಕೆ ಬರುವ ತನಕ ಅವರು ತೋಳು ಬಿಡಲಿಲ್ಲ.

ನಾವೆಲ್ಲ ಬಾಗಿಲಲ್ಲೇ ಇದ್ದೆವು. ಅಂದು ತಂತಿಯ ಮೇಲೆ ಷರಟಿರಲಿಲ್ಲವಾದ್ದರಿಂದ ಬೆಳಗಿನಿಂದ ವಠಾರದಲ್ಲಿ ಹಬ್ಬದ ಗದ್ದಲ. ಜಟಕಾ ಕಂಡ ಕೂಡಲೇ ಎಲ್ಲ ಬಿಟ್ಟು ಬಂದಿದ್ದರು. ಬಸಮ್ಮನವರ ಕೈಯೆಲ್ಲ ಮೆಣಸಿನಪುಡಿ. ಬುಡನ್ ಸಾಹೇಬರ ಕೊರಳಲ್ಲಿ ಟೇಪು. ಶಿವನಂಜಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಹದೇವು ಇಳಿದು ಬಂದಾಗ ಅವಳು ಅವನ ಮುಖವನ್ನೇ ನೋಡಿದಳು. ಕೆನ್ನೆಯ ಮೇಲೆ ಶಾಮಣ್ಣನವರ ಕೋಟಿನ ಹೊಲಿಗೆಯ ಅಚ್ಚು ಬಿದ್ದಿತ್ತು. ಕಣ್ಣಿನ ಕೆಂಪು ಇಳಿದಿತ್ತು. ಎಷ್ಟೋ ತಿಂಗಳಿಂದ ಕಾಣದ ಮುಖ ಅದು. ಅವಳು ಅದರ ಅರ್ಥವನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡಳು.

"ಮುಖ ಇಷ್ಟ್ ಗೆಲುವಾಗೈತಲ್ರೀ. ಆಯ್ತಾ ಪರ್ಮನೆಂಟು?"

ಗಿರಿಜಾಂಬಾ ಅವರು ಜಟಕಾದವನ ಕಡೆ ತಿರುಗಿದರು. ಶಾಮಣ್ಣನವರು ಚಪ್ಪಲಿ ನೋಡಿಕೊಂಡರು.

"ಇಲ್ಲ ಕಣೆ," ಎಂದ ಮಹದೇವು. "ಇದ್ದಿದ್ದೂ ಹೋಯ್ತು. ಹೋಗಿ ಬಾಳ ದಿನ ಆಯ್ತು."

"ಅಯ್ಯೋ ಶಿವನೆ," ಎಂದು ಬಸಮ್ಮನವರು ಕೈಯನ್ನು ಬಾಯಿಗಿಟ್ಟುಕೊಳ್ಳಲು ಹೋಗಿ, ಖಾರ ನೆನಪಾಗಿ, ಕೆಳಗಿಳಿಸಿದರು.

ಶಿವನಂಜಮ್ಮ ಅವನನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. "ಮತ್ತೆ ದಿನಾ ರಾತ್ರಿ ಎಲ್ಲಿಗ್ ಹೋಯ್ತಿದ್ರಿ?"

"ಟೇಸನ್ಗೆ."

"ಅಲ್ಲಾದ್ರೂ ಮಲಗ್ತಿದ್ರಾ?"

"ಇಲ್ಲ."

ಅವಳು ಅಳುತ್ತಾಳೆ ಎಂದು ನಾವು ಕಾಯುತ್ತಿದ್ದೆವು. ಅವಳು ಬಸಮ್ಮನವರ ಕಡೆ ತಿರುಗಿದಳು. "ನಾಳೆಯಿಂದ ನಿಮ್ಮ ಜೊತೆ ನಾನೂ ಕುಟ್ತೀನಿ ಬಸಮ್ಮನೋರೆ. ಕೂಲಿ ಕೊಡ್ಬೇಕು."

"ಏನು ತಂದು ಕೊಡ್ಲೇ? ನಿನ್ನ ಗಂಡ ಮಲಗ್ತಾನೆ ಅಂತ ಹೋಟ್ಲೋನ ಹತ್ರ ಅರ್ಧ ಕಳ್ಕೊಂಡು ಕೂತಿದ್ದೀನಿ."

"ಅದಕ್ಕೇ ಅಂದಿದ್ದು. ಇಬ್ಬರು ಕುಟ್ಟಿದ್ರೆ ಹೊತ್ತಿಗೆ ಸರಿಯಾಗ್ ಆಯ್ತದೆ. ಹೋಟ್ಲೋನ್ನ ನಾನೇ ಹೋಗಿ ಕೇಳ್ತೀನಿ."

ಮಹದೇವು ಅಂಗಳದ ನಡುವೆ ನಿಂತೇ ಇದ್ದ. ಒಳಗೆ ಹೋಗಬಹುದೋ ಬಾರದೋ ಅವನಿಗೇ ತಿಳಿದಂತಿರಲಿಲ್ಲ.

"ನಿಂತೇ ಇದ್ದೀರಲ್ಲ," ಎಂದಳು ಶಿವನಂಜಮ್ಮ. "ಒಳಕ್ ಬನ್ನಿ. ನಿಮಗೆ ಬಯ್ಯೋದು ಬೇಕಾದಷ್ಟದೆ."

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಆ ತೆಳುಗೋಡೆಗಳ ನಡುವೆ ಬಾಗಿಲು ಮುಚ್ಚಿದ್ದಕ್ಕೆ ಏನೂ ಬೆಲೆಯಿಲ್ಲ, ಅದು ಎಲ್ಲರಿಗೂ ಗೊತ್ತು. ಒಳಗೆ ಅವಳ ಮೊದಲ ಮಾತು ಏಳುವಷ್ಟರಲ್ಲಿ ಬಸಮ್ಮನವರು ಒನಕೆ ತೆಗೆದುಕೊಂಡರು. ಬುಡನ್ ಸಾಹೇಬರು ಮಳಿಗೆಗೆ ಹೋಗಿ, ಹೊಲಿಯಲು ಬಟ್ಟೆಯಿತ್ತೋ ಇಲ್ಲವೋ, ಮಿಷನ್ ತುಳಿಯತೊಡಗಿದರು. ಶಾಮಣ್ಣನವರು ಟೈಪ್‌ರೈಟರಿನ ಮುಸುಕು ತೆಗೆದು ಏನನ್ನೋ ಬಹಳ ವೇಗವಾಗಿ ಟೈಪು ಮಾಡಿದರು. ಒಳಗೆ ಆ ಗಂಡಹೆಂಡಿರು ಏನು ಮಾತಾಡಿಕೊಂಡರೋ, ನಮಗೆ ಯಾರಿಗೂ ಕೇಳಿಸಲಿಲ್ಲ.